ಮನೆ ಹರಾಜಾದ ಮೇಲೆ ಮನೆ ಸಾಲ: ನಾನು ತಟ್ಟಿದ ಮೂರು ಬಾಗಿಲು

2018ರಲ್ಲಿ ತುಮಕೂರಿನ ನಮ್ಮ ಮನೆಯನ್ನು ಬ್ಯಾಂಕು ಸರ್ಫೇಸಿ ಕಾಯ್ದೆಯಡಿ (ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿ ಮಾರಲು ಬ್ಯಾಂಕಿಗೆ ಬಿಡುವ ಕಾಯ್ದೆ) ಹರಾಜು ಹಾಕಿತು. ನನ್ನ ಪ್ರಿಂಟಿಂಗ್ ಪ್ರೆಸ್ ನೆಲಕಚ್ಚಿತ್ತು. 90 ದಿನ ಕಂತು ತಪ್ಪಿ ಖಾತೆ ವಸೂಲಾಗದ ಸಾಲ, ಅಂದರೆ ಎನ್‌ಪಿಎ ಆಯಿತು, 60 ದಿನದ ನೋಟಿಸು ಬಂತು, ಕೊನೆಗೆ ಮನೆ ಸ್ವಾಧೀನದ ನೋಟಿಸನ್ನು ಬಾಗಿಲಿಗೆ ಅಂಟಿಸಿದರು. ಊರವರ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದವನ ಹೆಸರು ವಿಳಾಸ ಸಮೇತ ದಿನಪತ್ರಿಕೆಯಲ್ಲಿ ಅಚ್ಚಾಯಿತು. ಹರಾಜಿನ ದುಡ್ಡು ಸಾಲಕ್ಕೆ ಸಾಲದೆ 2.4 ಲಕ್ಷ ಬಾಕಿ. ಮನೆ ಹೋದರೆ ಸಾಲವೂ ಹೋಯಿತು ಅಂದುಕೊಂಡಿದ್ದೆ. ಹಾಗಲ್ಲ, ಬಾಕಿ ನಮ್ಮ ಬೆನ್ನಿಗೇ ಇರುತ್ತದೆ. 1.1 ಲಕ್ಷಕ್ಕೆ ಒಟಿಎಸ್ (ಒಂದಷ್ಟು ಕಟ್ಟಿ ಉಳಿದದ್ದನ್ನು ಬಿಡಿಸಿಕೊಳ್ಳುವ ಒಪ್ಪಂದ) ಮಾಡಿಸಿಕೊಂಡು ನಿಟ್ಟುಸಿರು ಬಿಟ್ಟೆ.

ಐದು ವರ್ಷದ ಮೇಲೆ 24 ಲಕ್ಷದ ಚಿಕ್ಕ ಮನೆಯೊಂದು ಕಣ್ಣಿಗೆ ಬಿತ್ತು. ಬೇಕಿದ್ದ ಸಾಲ 18 ಲಕ್ಷ.

ಮೊದಲು ಹೋದದ್ದು ಸರ್ಕಾರಿ ಬ್ಯಾಂಕಿಗೆ. ಬಡ್ಡಿ ಆಗ ಶೇ. 9ರ ಆಸುಪಾಸು, ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರಕ್ಕೆ ಜೋಡಣೆ. 30 ಲಕ್ಷದೊಳಗಿನ ಸಾಲಕ್ಕೆ ಮನೆ ಬೆಲೆಯ ಶೇ. 90ರವರೆಗೂ ಕೊಡಲು ಆರ್‌ಬಿಐ ನಿಯಮವೇ ಬಿಡುತ್ತದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದಿಲ್ಲ. ಮ್ಯಾನೇಜರ್ ನನ್ನ ಸಾಲದ ಇತಿಹಾಸ ಹೇಳುವ ಸಿಬಿಲ್ ವರದಿ ತೆಗೆದು ಒಂದೇ ಪದಕ್ಕೆ ಬೆರಳಿಟ್ಟರು: 'ಸೆಟಲ್ಡ್'. "ಸರ್, ಇದರರ್ಥ ಬ್ಯಾಂಕಿಗೆ ನಷ್ಟ ಆಗಿದೆ ಅಂತ. 'ಕ್ಲೋಸ್ಡ್', ಅಂದರೆ ಪೂರ್ತಿ ತೀರಿದೆ ಅಂತ ಇದ್ದಿದ್ದರೆ ಮಾತಾಡಬಹುದಿತ್ತು." ಹಾಗಾದರೆ ಹೆಂಡತಿಯ ಹೆಸರಲ್ಲಿ ಕೊಡಿ ಎಂದೆ, ಅವಳು ಶಾಲೆಯ ಟೀಚರ್. ಹಳೇ ಸಾಲಕ್ಕೆ ಅವಳೂ ಸಹಿ ಹಾಕಿದ್ದಳಲ್ಲ, ಅದೇ ಕಲೆ ಅವಳ ವರದಿಯಲ್ಲೂ ಕೂತಿತ್ತು.

ಎರಡನೆಯದು ನಮ್ಮ ಬಡಾವಣೆಯ ಸೌಹಾರ್ದ ಸಹಕಾರಿ. ಇಲ್ಲಿ ಮುಖ ನೋಡಿ ಸಾಲ. ಷೇರು ತಗೊಳ್ಳಿ, ಇಬ್ಬರು ಜಾಮೀನು ಕರೆತನ್ನಿ, ಸಿಬಿಲ್ ತಲೆಬಿಸಿ ಬೇಡ ಅಂದರು. ಆದರೆ ಶೇ. 14 ಬಡ್ಡಿ, ಅವಧಿ ಏಳೇ ವರ್ಷ. 18 ಲಕ್ಷಕ್ಕೆ ತಿಂಗಳ ಕಂತು ಸುಮಾರು 33,700! ನಮ್ಮಿಬ್ಬರ ದುಡಿಮೆಗೆ ಅದು ಆಗಿಬರುವುದಲ್ಲ. ಇನ್ನೊಂದು ಮಾತನ್ನು ಕಾರ್ಯದರ್ಶಿಯೇ ಪ್ರಾಮಾಣಿಕವಾಗಿ ಹೇಳಿದರು: ಅಲ್ಲಿ ಕಟ್ಟಿದ ಕಂತಿನ ಲೆಕ್ಕ ಸಿಬಿಲ್‌ಗೆ ಹೋಗುವುದಿಲ್ಲ. ಅಂದರೆ ಏಳು ವರ್ಷ ನಿಯತ್ತಾಗಿ ಕಟ್ಟಿದರೂ ಬ್ಯಾಂಕಿನ ಕಣ್ಣಿಗೆ ನಾನು ಅದೇ ಹಳೇ ಸುಸ್ತಿದಾರ. ಜೊತೆಗೆ ಭಾವನನ್ನು ಜಾಮೀನಿಗೆ ಕೇಳುವ ಮುಜುಗರ ಬೇರೆ.

ಮೂರನೆಯದು ಹೌಸಿಂಗ್ ಫೈನಾನ್ಸ್ ಕಂಪನಿ. ಅಲ್ಲಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿದೆ. ಹಳೇ ಬ್ಯಾಂಕಿಗೆ ಹೋಗಿ ಒಟಿಎಸ್‌ನಲ್ಲಿ ಬಿಟ್ಟಿದ್ದ 1.3 ಲಕ್ಷವನ್ನೂ ಕಟ್ಟಿ, ಬಾಕಿಯಿಲ್ಲದ ಪತ್ರ ಪಡೆದು, ಸಿಬಿಲ್‌ನಲ್ಲಿ ತಿದ್ದುಪಡಿಗೆ ಅರ್ಜಿ ಹಾಕಿದೆ. ಮನ್ನಾ ಆದದ್ದನ್ನು ಯಾರಾದರೂ ಕಟ್ಟುತ್ತಾರಾ ಎಂದು ತಮ್ಮ ಬೈದ. 'ಕ್ಲೋಸ್ಡ್' ಬಂತು, ಹಳೇ ತಡಪಾವತಿಯ ಗುರುತುಗಳು ಮಾತ್ರ ಅಳಿಯಲಿಲ್ಲ.

ಕಂಪನಿಯವರು ಮನೆಗೇ ಬಂದರು, ಪ್ರೆಸ್‌ನ ಬಿಲ್ ಪುಸ್ತಕ, ಜಿಎಸ್‌ಟಿ, ಅವಳ ಸಂಬಳದ ಚೀಟಿ ನೋಡಿದರು. ಶೇ. 75ರಷ್ಟು, ಅಂದರೆ ಸರಿಯಾಗಿ 18 ಲಕ್ಷ ಮಂಜೂರಾಯಿತು. ಬಡ್ಡಿ ಶೇ. 13, ಹದಿನೈದು ವರ್ಷ, ಕಂತು ಸುಮಾರು 22,800. ಶೇ. 9 ಆಗಿದ್ದರೆ 18,300ಕ್ಕೆ ಮುಗಿಯುತ್ತಿತ್ತು. ತಿಂಗಳಿಗೆ 4,500 ನನ್ನ ಹಳೇ ತಪ್ಪಿನ ಬಾಡಿಗೆ. ಪ್ರೊಸೆಸಿಂಗ್ ಫೀ ಶೇ. 2. ಸಾಲಕ್ಕೆ ತಗಲಿಸಿದ್ದ ವಿಮೆಯನ್ನು ಬೇಡವೆಂದು ಎರಡು ಸಲ ಜಗಳವಾಡಿ ತೆಗೆಸಿದೆ.

ಆದರೂ ನನ್ನ ಓಟು ಇದಕ್ಕೇ. ಬಡ್ಡಿ ಫ್ಲೋಟಿಂಗ್, ಅಂದರೆ ದರದ ಜೊತೆ ಏರಿಳಿಯುವಂಥದ್ದು, ಹಾಗಾಗಿ ಬೇಗ ತೀರಿಸಿದರೆ ದಂಡ ಹಾಕುವಂತಿಲ್ಲ. ಪ್ರತಿ ಕಂತೂ ವರದಿಗೆ ಸೇರುತ್ತದೆ. ಎರಡು ವರ್ಷ ತಪ್ಪದೆ ಕಟ್ಟಿ ಬನ್ನಿ, ಸಾಲವನ್ನು ನಮ್ಮ ಬ್ಯಾಂಕಿಗೆ ವರ್ಗಾಯಿಸಲು ನೋಡೋಣ ಅಂತ ಆ ಸರ್ಕಾರಿ ಬ್ಯಾಂಕಿನ ಮ್ಯಾನೇಜರೇ ಹೇಳಿದ್ದಾರೆ. ಹತ್ತೊಂಬತ್ತು ಕಂತು ಮುಗಿದಿವೆ, ಇನ್ನೈದು ಉಳಿದಿವೆ.