ಮಡಿಕೇರಿ ಮಳೆಯಲ್ಲಿ ಬಟ್ಟೆ ಡ್ರೈಯರ್: ಕೆಲವು ಮಳೆಗಾಲ ಕಳೆದ ಮೇಲೆ

ಮಷೀನು ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ತಗೊಂಡಿದ್ದು ವೆಂಟ್ ಇರುವ ಮಾದರಿ, ಅಂದರೆ ಬಟ್ಟೆಯ ತೇವವನ್ನು ಬಿಸಿಗಾಳಿ ಜೊತೆ ಪೈಪಿನಲ್ಲಿ ಹೊರಗೆ ದಬ್ಬುವಂಥದ್ದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಅಂಗಳದಲ್ಲಿ ಹಗ್ಗ ಕಟ್ಟುವ ಮಾತೇ ಇಲ್ಲ. ಕೊಡವರ ಕಕ್ಕಡ ತಿಂಗಳಲ್ಲಂತೂ (ಜುಲೈ-ಆಗಸ್ಟ್) ಒಳಗೆ ಹರವಿದ ಬಟ್ಟೆಯೂ ದಿನಗಟ್ಟಲೆ ತಣ್ಣಗೇ ಇರುತ್ತದೆ, ಬೀರುವಿನಲ್ಲಿ ಮಡಚಿಟ್ಟ ಕುಪ್ಯಕ್ಕೆ (ಕೊಡವ ಗಂಡಸರ ಉದ್ದ ಕೋಟು) ಬೂಷ್ಟು ಹಿಡಿಯುತ್ತದೆ, ಒಲೆ ಮೇಲೆ ಒಣಗಿಸಿದ ಯೂನಿಫಾರಂ ಶಾಲೆಯಲ್ಲೂ ಹೊಗೆ ವಾಸನೆ ಹೊಡೆಯುತ್ತದೆ. ಅಂಥ ದಿನ ಬೆಚ್ಚಗಿನ ಟವೆಲ್ ತೆಗೆದು ಮುಖಕ್ಕೆ ಒತ್ತಿಕೊಂಡರೆ ಸಿಗುವ ಸುಖಕ್ಕೆ ನಾಚಿಕೆಪಡಬೇಕಾ? ನಾನಂತೂ ಪಡುವುದಿಲ್ಲ. ಆ ಸುಖ ಇನ್ನೂ ಹಳತಾಗಿಲ್ಲ.

ಚುಚ್ಚುವುದು ಬೇರೆ ಕಡೆ. ತಂದ ದಿನವೇ ಮಾವ ಕೇಳಿದ್ದರು, "ಕಾಫಿ ಒಣಗಿಸೋಕೆ ಬಿಸಿಲು ಕಾಯ್ತೀವಿ, ಚಡ್ಡಿ ಒಣಗಿಸೋಕೆ ಕರೆಂಟಾ?" ಇದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಜನವರಿಯಲ್ಲಿ ಕಣದಲ್ಲಿ ಹರವಿದ ಕಾಫಿ ಮೇಲೆ ಅಕಾಲ ಮಳೆ ಬಿದ್ದರೆ, ಯಾವ ತೋಟದಲ್ಲಿ ಕಾಫಿ ಒಣಗಿಸುವ ಡ್ರೈಯರ್ ಇದೆ ಅಂತ ಮೊದಲು ಫೋನ್ ಮಾಡುವವರೇ ಅವರು! ಆದರೆ ಪಕ್ಕದ ತೋಟದ ಲೈನ್ ಮನೆಯಿಂದ (ಕಾರ್ಮಿಕರ ಸಾಲುಮನೆ) ಕೆಲಸಕ್ಕೆ ಬರುವ ಅಕ್ಕ, ಒದ್ದೆ ಸೆರಗಿನಲ್ಲೇ ನಿಂತು, ಬಿಸಿಬಿಸಿ ಬಂದ ನಮ್ಮ ಬೆಡ್‌ಶೀಟ್ ಮಡಚುವಾಗ ಯಾವ ಉತ್ತರವೂ ಹೊಳೆಯಲಿಲ್ಲ. ಈಗ ಅವರ ಮಕ್ಕಳ ಯೂನಿಫಾರಂ ನಮ್ಮದರ ಜೊತೆಗೇ ಒಣಗುತ್ತದೆ. (ಸ್ವೆಟರ್ ಹಾಕಬೇಡಿ, ಉಣ್ಣೆ ಕುಗ್ಗುತ್ತದೆ.) ಅಷ್ಟಕ್ಕೇ ಲೆಕ್ಕ ಚುಕ್ತಾ ಆಯಿತು ಅಂತ ನನಗೇನೂ ಅನ್ನಿಸಿಲ್ಲ, ಅವರ ಸೂರು ಇನ್ನೂ ಸೋರುತ್ತಿದೆ.

ಆಸೆಯೂ ಇಲ್ಲಿಗೆ ನಿಲ್ಲುವುದಿಲ್ಲ. ಡ್ರೈಯರ್ ಬಂದ ಮೇಲೆ ಫೋನ್ ತುಂಬ ಡಿಹ್ಯೂಮಿಡಿಫೈಯರ್ (ಕೋಣೆಯ ಗಾಳಿಯ ತೇವ ಹೀರುವ ಮಷೀನು) ಜಾಹೀರಾತು. ಬೂಷ್ಟು ಹಿಡಿದ ಶೂ ಕಂಡಾಗೆಲ್ಲ ಕೈ ಆ ಕಡೆಗೇ ಹೋಗುತ್ತದೆ. ಇನ್ನೂ ತಗೊಂಡಿಲ್ಲ, ಮಾವನ ಮುಖ ನೆನಪಾಗುತ್ತದೆ.

ಕರೆಂಟು ಗಂಟೆಗೆ ಹೆಚ್ಚುಕಮ್ಮಿ 2 ಯೂನಿಟ್ ತಿನ್ನುತ್ತದೆ. ಮನೆಯ ಸಣ್ಣ ಇನ್ವರ್ಟರ್ ಮೇಲೆ ಓಡಿಸುವ ಆಸೆ ಬಿಡಿ. ಮರ ಬಿದ್ದು ಲೈನ್ ಹೋದರೆ ಮತ್ತೆ ಒಲೆಯೇ ಗತಿ. ಪ್ರತಿ ಸಲ ಫಿಲ್ಟರಿನಲ್ಲಿ ಸೇರುವ ನಾರು ತೆಗೆಯಲೇಬೇಕು, ಸೋಮಾರಿತನ ಮಾಡಿದರೆ ಬಟ್ಟೆ ಒಣಗುವುದು ನಿಧಾನ, ಬೆಂಕಿ ಹತ್ತುವ ಅಪಾಯವೂ ಇದೆ. ಬಿಸಿಗಾಳಿಯನ್ನು ಹೊರಗೆ ಬಿಡದೆ ಒಳಗೇ ಮತ್ತೆ ಬಳಸುವ ಹೀಟ್ ಪಂಪ್ ಮಾದರಿಗೆ ಕರೆಂಟು ಅರ್ಧದಷ್ಟು ಸಾಕಾಗುತ್ತದೆ, ಬೆಲೆ ಮಾತ್ರ ಜಾಸ್ತಿ.

ಕುಶಾಲನಗರದ ಕಡೆ ಮಳೆ ಕಮ್ಮಿ, ಅಲ್ಲಿಯವರಿಗೆ ಸುಮ್ನೆ ದುಡ್ಡು ದಂಡ. ಮಡಿಕೇರಿ, ಭಾಗಮಂಡಲದವರು ಪೈಪ್ ಹೊರಗೆ ಬಿಡಲು ಜಾಗ ಇದೆಯಾ ನೋಡಿಕೊಂಡು ತಗೊಳ್ಳಿ.