ಹ್ಯಾಮ್ ಗೆಳೆಯರ ಗುಂಪು: ವಾಟ್ಸ್‌ಆ್ಯಪ್ಪೋ ಟೆಲಿಗ್ರಾಮೋ?

ಹಾಸನ, ಚಿಕ್ಕಮಗಳೂರಿನ ಹ್ಯಾಮ್‌ಗಳನ್ನು, ಅಂದರೆ ಹವ್ಯಾಸಿ ರೇಡಿಯೋದವರನ್ನು, ಒಟ್ಟುಗೂಡಿಸುವ ಯೋಚನೆ ಇದೆಯಾ? ವಾಟ್ಸ್‌ಆ್ಯಪ್ ಆದರೆ ಯಾರಿಗೂ ಕಲಿಸಬೇಕಿಲ್ಲ, ಎಲ್ಲರ ಫೋನಿನಲ್ಲೂ ಇದೆ. 1,024 ಜನರ ಮಿತಿ ನಮ್ಮ ಎರಡು ಜಿಲ್ಲೆಗೆ ಧಾರಾಳ ಸಾಕು.

ಆದರೆ ಅಲ್ಲಿ ಮಾತು ಬೇಗ ಕಳೆದುಹೋಗುತ್ತದೆ. 40 ಮೀಟರ್ ತರಂಗಾಂತರದ ಡೈಪೋಲ್‌ಗೆ (ನಡುವೆ ಕೇಬಲ್ ಜೋಡಿಸಿದ ತಂತಿಯ ಆಂಟೆನಾ) ತಂತಿ ಎಷ್ಟು ಬೇಕು ಅಂತ ಪ್ರತಿ ಹೊಸಬರೂ ಕೇಳುತ್ತಾರೆ. ಉತ್ತರ ಸುಮಾರು 20 ಮೀಟರ್. ಅದನ್ನೇ ಎಷ್ಟು ಸಲ ಬರೆಯುವುದು? ಟೆಲಿಗ್ರಾಮ್‌ನಲ್ಲಿ ಹಳೆಯ ಮಾತುಕತೆಯನ್ನು ಹೊಸಬರಿಗೂ ತೆರೆದಿಡಬಹುದು. ಆಂಟೆನಾ, ಲೈಸೆನ್ಸ್ ಪರೀಕ್ಷೆ ಅಂತ ವಿಷಯ ಬೇರೆ ಮಾಡಬಹುದು. ಫೋನ್ ನಂಬರ್ ಮರೆಮಾಡಿ ಕಾಲ್‌ಸೈನನ್ನೇ (ಲೈಸೆನ್ಸ್ ಜೊತೆ ಸಿಗುವ ರೇಡಿಯೋ ಗುರುತು) ಹೆಸರಾಗಿ ಇಟ್ಟುಕೊಳ್ಳಬಹುದು. ನನ್ನ ಓಟು ಇದಕ್ಕೇ.

ಮಲೆನಾಡಿನ ಮಳೆಗೆ ಕರೆಂಟ್ ಹೋಗಿ ಟವರ್ ನಿಂತರೆ ಎರಡೂ ಇಲ್ಲ, ಅಲ್ವಾ? ಹಾಗಾಗಿ ರೇಡಿಯೋದಲ್ಲೂ ಸೇರಲೇಬೇಕು. 144–146 ಮೆಗಾಹರ್ಟ್ಸ್‌ನ ಕೈಸೆಟ್ಟಿಗೆ ಗುಡ್ಡ ಅಡ್ಡ ಬರುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ಇದು ಜಾಸ್ತಿ. 40 ಮೀಟರ್‌ನಲ್ಲಿ ತಗ್ಗಾಗಿ ಕಟ್ಟಿದ ಡೈಪೋಲ್‌ನ ಅಲೆ ನೆಟ್ಟಗೆ ಮೇಲೇರಿ, ವಾತಾವರಣದ ಮೇಲ್ಪದರವಾದ ಅಯಾನುಮಂಡಲಕ್ಕೆ ತಾಗಿ, ಗುಡ್ಡದ ಆಚೆ ಇಳಿಯುತ್ತದೆ. ಹಗಲಲ್ಲಿ ಚೆನ್ನಾಗಿ ಕೇಳಿಸುತ್ತದೆ. ವಾರಕ್ಕೊಮ್ಮೆ ಅಲ್ಲಿ ಹಾಜರಿ ಹಾಕಿ. ಯಾರ ದನಿ ಎಲ್ಲಿಗೆ ಮುಟ್ಟಿತು ಅಂತ ಗುಂಪಿಗೆ ಬರೆಯಿರಿ.