ಮಾಜ್ದಾ ಎಂಎಕ್ಸ್-5, ಎರಡನೆಯ ತಲೆಮಾರು: ಇಂಗ್ಲೆಂಡಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರನ್ನು ಸಾಕುವ ಅನುಭವ

ಶೆಫೀಲ್ಡ್ ನಗರದಲ್ಲಿ ನೆಲೆಸಿರುವ ನಾನು ಹಲವು ವರ್ಷಗಳಿಂದ ಮಾಜ್ದಾ ಎಂಎಕ್ಸ್-5 ಕಾರೊಂದನ್ನು ಇಟ್ಟುಕೊಂಡಿದ್ದೇನೆ. ಅದು 2002ರಲ್ಲಿ ನೋಂದಣಿಯಾದ, 1.8 ಲೀಟರ್ ಪೆಟ್ರೋಲ್ ಎಂಜಿನ್ನಿನ, ಎರಡೇ ಸೀಟುಗಳ, ಕೈಯಿಂದ ಮಡಚುವ ಛಾವಣಿಯ ಕಾರು. ಅದಕ್ಕೆ ಕೊಟ್ಟ ಬೆಲೆ ಇಲ್ಲಿ ಅದೇ ವಯಸ್ಸಿನ ಸಾಧಾರಣ ಹ್ಯಾಚ್‌ಬ್ಯಾಕ್ ಒಂದಕ್ಕೆ ಕೊಡುವುದಕ್ಕಿಂತ ಬಹಳ ಹೆಚ್ಚೇನೂ ಆಗಿರಲಿಲ್ಲ. ಇಷ್ಟು ಹಳೆಯ ಸ್ಪೋರ್ಟ್ಸ್ ಕಾರನ್ನು ಸಾಮಾನ್ಯ ಸಂಬಳದವರು ಸಾಕಬಹುದೇ ಎಂದು ಇಲ್ಲಿನ ಕನ್ನಡಿಗ ಗೆಳೆಯರು ಆಗಾಗ ಕೇಳುತ್ತಾರೆ. ಖಂಡಿತ ಸಾಕಬಹುದು. ಆದರೆ ಕೊಳ್ಳುವವರು ಸಾಮಾನ್ಯವಾಗಿ ಎಂಜಿನ್ನಿಗೆ ಹೆದರುತ್ತಾರೆ, ಖರ್ಚು ಬರುವುದು ಮಾತ್ರ ಒಡಲಿನ ಉಕ್ಕಿಗೆ ಹಿಡಿಯುವ ತುಕ್ಕಿನಿಂದ. ಈ ಬರಹದ ದೊಡ್ಡದೊಂದು ಪಾಲು ಅದರ ಬಗ್ಗೆಯೇ ಇದೆ.

ಎಂಎಕ್ಸ್-5 ಮೊದಲು ಜನರ ಕಣ್ಣಿಗೆ ಬಿದ್ದದ್ದು 1989ರ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ. ಲೋಟಸ್ ಎಲಾನ್, ಎಂಜಿ, ಟ್ರಯಂಫ್ ಮುಂತಾದ ಬ್ರಿಟಿಷ್ ಕಾರುಗಳು ಅರುವತ್ತರ ದಶಕದಲ್ಲಿ ಕೊಡುತ್ತಿದ್ದ ಸುಖವನ್ನು, ಅವುಗಳ ಎಣ್ಣೆ ಸೋರಿಕೆಯೂ ವಿದ್ಯುತ್ ತೊಂದರೆಯೂ ಇಲ್ಲದಂತೆ, ಹಿರೋಶಿಮಾದಲ್ಲಿ ತಯಾರಿಸಿ ಜಗತ್ತಿಗೆಲ್ಲ ಮಾರಿದ ಕಾರು ಇದು. ಬಾನೆಟ್ಟಿನಿಂದ ಮೇಲೇಳುವ ದೀಪಗಳಿದ್ದ ಮೊದಲ ತಲೆಮಾರಿನ ಬಳಿಕ 1998ರಲ್ಲಿ ಎರಡನೆಯದು ಮಾರುಕಟ್ಟೆಗೆ ಬಂದು 2005ರವರೆಗೆ ನಡೆಯಿತು. ಎಲ್ಲ ತಲೆಮಾರುಗಳೂ ಸೇರಿ 2016ರ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಹಳೆಯ ಕಾರು ಇಟ್ಟುಕೊಳ್ಳುವವನಿಗೆ ಇದು ಕೇವಲ ಹೆಗ್ಗಳಿಕೆಯ ಸಂಖ್ಯೆಯಲ್ಲ. ಇಷ್ಟು ಕಾರುಗಳು ಇರುವುದರಿಂದಲೇ ಬ್ರೇಕ್ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನಿಂದ ಹಿಡಿದು ತುಕ್ಕು ಹಿಡಿದ ಭಾಗಕ್ಕೆ ಬೆಸೆಯಬೇಕಾದ ತಯಾರು ತಗಡಿನವರೆಗೆ ಎಲ್ಲವೂ ಸುಲಭವಾಗಿ ಸಿಗುತ್ತದೆ, ಈ ಒಂದೇ ಮಾದರಿಯನ್ನು ನೆಚ್ಚಿಕೊಂಡು ಬದುಕುವ ಗ್ಯಾರೇಜುಗಳೂ ಬ್ರಿಟನ್ನಿನಲ್ಲಿವೆ. ಇದೇ ಬೆಲೆಗೆ ಸಿಗುವ ಅಪರೂಪದ ಸ್ಪೋರ್ಟ್ಸ್ ಕಾರುಗಳಿಗೆ ಈ ಅನುಕೂಲವಿಲ್ಲ.

ಓಡಿಸುವ ಮಾತಿಗೆ ಬರೋಣ. ಕಾರಿನ ತೂಕ ಒಂದು ಟನ್ನಿಗಿಂತ ತುಸು ಹೆಚ್ಚು, ಶಕ್ತಿ ಸುಮಾರು 146 ಅಶ್ವಶಕ್ತಿ. ಇಂದಿನ ವಿದ್ಯುತ್ ಕಾರುಗಳ ಎದುರು ಇದು ವೇಗದ ಕಾರೇ ಅಲ್ಲ. ಇದರ ಗುಣವಿರುವುದು ಬೇರೆ ಕಡೆ: ಎಂಜಿನ್ ಮುಂದಿದ್ದು ಚಾಲನೆ ಹಿಂದಿನ ಚಕ್ರಗಳಿಗೆ ಹೋಗುತ್ತದೆ, ಭಾರವು ಎರಡೂ ಅಚ್ಚುಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗಿದೆ, ನಾಲ್ಕೂ ಚಕ್ರಗಳಿಗೆ, ಮೇಲೊಂದು ಕೆಳಗೊಂದು ತೋಳು ಚಕ್ರವನ್ನು ಹಿಡಿದಿಡುವ, ಡಬಲ್ ವಿಷ್‌ಬೋನ್ ಸಸ್ಪೆನ್ಷನ್ ಇದೆ, ಜೊತೆಗೆ ಗೇರ್‌ಬಾಕ್ಸನ್ನೂ ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲನ್ನೂ ಉದ್ದನೆಯ ಅಲ್ಯೂಮಿನಿಯಂ ತೊಲೆಯೊಂದು ಬಿಗಿಯಾಗಿ ಜೋಡಿಸಿರುವುದರಿಂದ ಪೆಡಲಿನ ಮೇಲೆ ಕಾಲಿಟ್ಟ ಕೂಡಲೇ ತಡವರಿಕೆಯಿಲ್ಲದೆ ಕಾರು ಮುಂದೆ ಸರಿಯುತ್ತದೆ. ಗೇರ್ ಕಡ್ಡಿಯ ಚಲನೆ ಬಹಳ ಚಿಕ್ಕದು, ಮಣಿಕಟ್ಟನ್ನಷ್ಟೇ ತಿರುಗಿಸಿದರೆ ಸಾಕು. ಇಷ್ಟು ಅಚ್ಚುಕಟ್ಟಾದ ಗೇರ್ ಬದಲಾವಣೆಯನ್ನು ನಾನು ಬೇರೆ ಯಾವ ಕಾರಿನಲ್ಲೂ ಕಂಡಿಲ್ಲ.

ನಮ್ಮ ಊರಿನ ಪಶ್ಚಿಮಕ್ಕೆ ಪೀಕ್ ಡಿಸ್ಟ್ರಿಕ್ಟ್ ಬೆಟ್ಟಗಳಿವೆ. ಗ್ಲಾಸಪ್ ಕಡೆಗೆ ಹೋಗುವ ಎ57 ರಸ್ತೆಯನ್ನು ಇಲ್ಲಿ ಸ್ನೇಕ್ ಪಾಸ್ ಎನ್ನುತ್ತಾರೆ. ಚಾರ್ಮಾಡಿ ಘಾಟಿಯನ್ನು ಬಲ್ಲವರಿಗೆ ಅದರ ತಿರುವುಗಳು ಸೌಮ್ಯವೆನಿಸಬಹುದು. ಆದರೆ ಕಾಡಿನ ಮರೆಯಿಲ್ಲದ ಬಯಲು ಗುಡ್ಡವಾದ್ದರಿಂದ ಮುಂದಿನ ತಿರುವು ಎಷ್ಟೋ ದೂರದಿಂದ ಕಾಣುತ್ತದೆ. ಬಕ್ಸ್‌ಟನ್ ಮತ್ತು ಮ್ಯಾಕಲ್ಸ್‌ಫೀಲ್ಡ್ ನಡುವಿನ ಎ537 ಇನ್ನೂ ಚೆಲುವಾದ ರಸ್ತೆ. ಅಪಘಾತಗಳಿಂದಾಗಿ ಅಲ್ಲಿ ವೇಗದ ಮಿತಿಯನ್ನು ಗಂಟೆಗೆ 50 ಮೈಲಿಗೆ ಇಳಿಸಿ ಸರಾಸರಿ ವೇಗ ಅಳೆಯುವ ಕ್ಯಾಮೆರಾ ಹಾಕಿದ್ದಾರೆ. ಈ ಕಾರಿಗೆ ಆ ಮಿತಿ ಎಳ್ಳಷ್ಟೂ ಹೊರೆಯೆನಿಸುವುದಿಲ್ಲ. ಛಾವಣಿ ತೆರೆದು, ಮೂರನೆಯ ಗೇರಿನಲ್ಲಿ, ಕಾನೂನಿನ ಮಿತಿಯೊಳಗೇ ಹೋಗುತ್ತಿದ್ದರೂ ಸ್ಟಿಯರಿಂಗಿನ ಮೂಲಕ ರಸ್ತೆಯ ಪ್ರತಿಯೊಂದು ಏರುತಗ್ಗೂ ಕೈಗೆ ತಿಳಿಯುತ್ತದೆ. ಮುನ್ನೂರು ಅಶ್ವಶಕ್ತಿಯ ಕಾರುಗಳಲ್ಲಿ ಈ ಸುಖ ಹುಟ್ಟಬೇಕಾದರೆ ಪರವಾನಗಿ ಕಳೆದುಕೊಳ್ಳುವಷ್ಟು ವೇಗ ಬೇಕಾಗುತ್ತದೆ. ಕಡಿಮೆ ಶಕ್ತಿಯ ಹಗುರ ಕಾರನ್ನೇ ಆರಿಸಿಕೊಳ್ಳಲು ನನಗಿದ್ದ ಮುಖ್ಯ ಕಾರಣ ಇದು.

ಇನ್ನು ತುಕ್ಕು. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಒಡಲಿನ ಟೊಳ್ಳು ಭಾಗಗಳ ಒಳಗೆ ಸೇರಿಕೊಂಡರೆ ಹೊರಗಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನ ಉಕ್ಕು ಕರಗಿಹೋಗುತ್ತದೆ. ಎಂಎಕ್ಸ್-5ರಲ್ಲಿ ನೋಡಬೇಕಾದ ಜಾಗಗಳು ಮುಖ್ಯವಾಗಿ ಎರಡು. ಮೊದಲನೆಯದು ಬಾಗಿಲಿನ ಕೆಳಗಿನ ಸಿಲ್ ಹಿಂದಿನ ಚಕ್ರದ ಕಮಾನನ್ನು ಸೇರುವ ಮೂಲೆ. ಎರಡನೆಯದು ಎಂಜಿನ್ನಿನ ಇಕ್ಕೆಲಗಳಲ್ಲಿ ಹಾದುಹೋಗುವ ಮುಂದಿನ ಚಾಸಿ ತೊಲೆಗಳು. ಎರಡನೆಯ ತಲೆಮಾರಿನಲ್ಲಿ, ಅದರಲ್ಲೂ 2001ರಿಂದೀಚಿನ ಕಾರುಗಳಲ್ಲಿ, ಈ ತೊಲೆಗಳ ಒಳಗೆ ಬಲಕ್ಕೆಂದು ಇನ್ನೊಂದು ಪದರ ತಗಡಿದ್ದು, ಎರಡು ಪದರಗಳ ನಡುವೆ ನಿಂತ ತೇವ ಒಣಗುವುದೇ ಇಲ್ಲ. ಸಿಲ್ ಹಾಳಾದರೆ ಹೊರಗಿನಿಂದ ಗುಳ್ಳೆಗಳಾದರೂ ಕಾಣುತ್ತವೆ. ಮುಂದಿನ ತೊಲೆಯ ಸ್ಥಿತಿ ತಿಳಿಯಬೇಕಾದರೆ ಕಾರನ್ನು ಲಿಫ್ಟಿನ ಮೇಲೆ ಎತ್ತಿ, ಕೆಳಗಿನ ಪ್ಲಾಸ್ಟಿಕ್ ತಟ್ಟೆ ಬಿಚ್ಚಿ, ಬೆಳಕು ಹಿಡಿದು ನೋಡಲೇಬೇಕು.

ಈ ದೇಶದಲ್ಲಿ ಮೂರು ವರ್ಷ ದಾಟಿದ ಕಾರುಗಳಿಗೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ರಸ್ತೆಯಲ್ಲಿ ಓಡಿಸಲು ಸುರಕ್ಷಿತವೇ ಎಂದು ನೋಡುವ, ಎಂಒಟಿ ತಪಾಸಣೆ ಕಡ್ಡಾಯ. ಸಸ್ಪೆನ್ಷನ್, ಸೀಟ್ ಬೆಲ್ಟ್, ಸ್ಟಿಯರಿಂಗ್ ಇವುಗಳನ್ನು ಕೂರಿಸಿದ ಜಾಗದಿಂದ 30 ಸೆಂಟಿಮೀಟರ್ ಒಳಗೆ ಒಡಲಿನ ಬಲ ಕುಂದಿಸುವಷ್ಟು ತುಕ್ಕು ಇದ್ದರೆ ಕಾರು ಅನುತ್ತೀರ್ಣ. ಸಿಲ್ಲಿನ ಹಿಂಬದಿಯೂ ಮುಂದಿನ ತೊಲೆಯೂ ಈ ವ್ಯಾಪ್ತಿಯೊಳಗೇ ಬರುತ್ತವೆ. ಯಾವುದೇ ಕಾರಿನ ನೋಂದಣಿ ಸಂಖ್ಯೆ ಗೊತ್ತಿದ್ದರೆ ಅದರ ಹಿಂದಿನ ಎಂಒಟಿ ಫಲಿತಾಂಶಗಳನ್ನು ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಓದಬಹುದು. ಕೊಳ್ಳುವ ಮುನ್ನ ನಾನು ಓದಿದ್ದು ಮಾರುವವರ ಜಾಹೀರಾತಿಗಿಂತ ಹೆಚ್ಚಾಗಿ ಈ ದಾಖಲೆಯನ್ನೇ. ಒಂದು ವರ್ಷ ‘ಸಿಲ್ಲಿನಲ್ಲಿ ತುಕ್ಕು’ ಎಂಬ ಎಚ್ಚರಿಕೆ ಇದ್ದು, ಮರುವರ್ಷ ವೆಲ್ಡಿಂಗ್ ರಸೀದಿ ಯಾವುದೂ ಇಲ್ಲದೆ ಆ ಮಾತು ಮಾಯವಾಗಿದ್ದರೆ, ಕಪ್ಪು ಲೇಪನವೊಂದು ಅದನ್ನು ಮುಚ್ಚಿರುವ ಸಾಧ್ಯತೆಯೇ ಹೆಚ್ಚು. ಹೊಸದಾಗಿ ಬಳಿದ ದಪ್ಪ ಲೇಪನವಿದ್ದ ಕಾರುಗಳನ್ನೆಲ್ಲ ನಾನು ಬಿಟ್ಟೆ. ಎರಡೂ ಬದಿಯ ಸಿಲ್ ಕತ್ತರಿಸಿ ಹೊಸ ತಗಡು ಬೆಸೆದು ಬಣ್ಣ ಹಚ್ಚಿಸುವ ಖರ್ಚು ಸಾವಿರ ಪೌಂಡ್ ಮೀರುವುದು ಸಾಮಾನ್ಯ. ಜೊತೆಗೆ ತೊಲೆಯ ಕೆಲಸವೂ ಸೇರಿದರೆ ಅಗ್ಗದ ಕಾರಿನ ಬೆಲೆಯನ್ನೇ ಅದು ಮುಟ್ಟುತ್ತದೆ. ಆದ್ದರಿಂದ ಒಂದು ಸಾವಿರ ಹೆಚ್ಚು ಕೊಟ್ಟು, ಹೆಚ್ಚು ಓಡಿದ್ದರೂ ಒಡಲು ಗಟ್ಟಿಯಿರುವ ಕಾರನ್ನು ಕೊಳ್ಳುವುದೇ ಲಾಭ.

ನನ್ನ ಕಾರಿನ ಟೊಳ್ಳು ಭಾಗಗಳಿಗೆಲ್ಲ ಉದ್ದನೆಯ ನಳಿಕೆಯಿಂದ ಮೇಣ ಸಿಂಪಡಿಸಿ ಇಟ್ಟಿದ್ದೇನೆ, ಕೆಲವು ವರ್ಷಗಳಿಗೊಮ್ಮೆ ಮತ್ತೆ ಸಿಂಪಡಿಸುತ್ತೇನೆ. ಉಪ್ಪು ಎರಚಿದ ದಿನಗಳಲ್ಲಿ ಹೊರಗೆ ತೆಗೆಯುವುದಿಲ್ಲ. ಛಾವಣಿಯ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಎರಡು ಮೂಲೆಗಳಲ್ಲಿರುವ ಕೊಳವೆಗಳ ಮೂಲಕ ಕೆಳಗಿಳಿಯುತ್ತದೆ. ಎಲೆ ಕಸ ಸೇರಿ ಅವು ಕಟ್ಟಿಕೊಂಡರೆ ಅದೇ ನೀರು ಸಿಲ್ಲಿನ ಒಳಗೂ ಕಾರ್ಪೆಟ್ಟಿನ ಮೇಲೂ ಹರಿಯುತ್ತದೆ. ಬಾಗುವ ನೈಲಾನ್ ತಂತಿಯಿಂದ ವರ್ಷಕ್ಕೆರಡು ಸಲ ಅವನ್ನು ಬಿಡಿಸುವುದು ಕೆಲವೇ ನಿಮಿಷಗಳ ಕೆಲಸ. ಈ ಕಾರಿಗೆ ಮಾಡಬಹುದಾದ ಆರೈಕೆಯಲ್ಲಿ ಇದಕ್ಕಿಂತ ಅಗ್ಗವಾದದ್ದೂ ಇಲ್ಲ, ಮುಖ್ಯವಾದದ್ದೂ ಇಲ್ಲ.

ಯಂತ್ರಭಾಗ ಒಡಲಿಗೆ ಹೋಲಿಸಿದರೆ ನಿಶ್ಚಿಂತೆಯದು. ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸಿ, ಎಂಜಿನ್ನಿನ ಕವಾಟಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟನ್ನು ನೀರಿನ ಪಂಪಿನೊಡನೆ ಒಂದೇ ಸಲಕ್ಕೆ ಹಾಕಿಸಿದರೆ ಎಂಜಿನ್ ಬಹುಕಾಲ ದುಡಿಯುತ್ತದೆ. ಪೆಡಲ್ ತುಳಿದಾಗ ಕ್ಲಚ್ಚನ್ನು ಬಿಡಿಸುವ ಸ್ಲೇವ್ ಸಿಲಿಂಡರ್ ಸೋರುವುದು ಈ ಮಾದರಿಯಲ್ಲಿ ಎಲ್ಲರೂ ಬಲ್ಲ ತೊಂದರೆ, ಭಾಗದ ಬೆಲೆ ಅತ್ಯಲ್ಪ. ಕಾರನ್ನು ಬಹಳ ದಿನ ನಿಲ್ಲಿಸಿಟ್ಟರೆ ಹಿಂದಿನ ಬ್ರೇಕ್ ಕ್ಯಾಲಿಪರ್‌ಗಳು ಅಲುಗದಂತೆ ಹಿಡಿದುಕೊಳ್ಳುತ್ತವೆ. ಇವೆಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಚಕ್ರದ ಕೋನ ಹೊಂದಿಸುವ ಉದ್ದನೆಯ ಬೋಲ್ಟುಗಳು. ಅವು ಬುಷ್ ಎಂಬ ರಬ್ಬರ್ ಜೋಡಣೆಗಳ ಒಳಗೇ ತುಕ್ಕು ಹಿಡಿದು ಅಂಟಿಕೊಂಡರೆ ಅಲೈನ್‌ಮೆಂಟ್ ಮಾಡಲು ಸಾಧ್ಯವೇ ಆಗುವುದಿಲ್ಲ, ಕತ್ತರಿಸಿ ಹೊಸದು ಹಾಕಬೇಕಾಗುತ್ತದೆ. ಆದರೆ ಈ ಕಾರಿನ ಸೊಗಸೆಲ್ಲ ಅಲೈನ್‌ಮೆಂಟಿನಲ್ಲೇ ಅಡಗಿದೆ. ಬೋಲ್ಟುಗಳನ್ನೂ ಬುಷ್‌ಗಳನ್ನೂ ಬದಲಿಸಿ, ನಾಲ್ಕೂ ಚಕ್ರಗಳ ಕೋನವನ್ನು ಸರಿಯಾಗಿ ಹೊಂದಿಸಿಕೊಟ್ಟ ಮೇಲೆಯೇ ನನ್ನ ಕಾರಿನ ನಿಜವಾದ ಗುಣ ನನಗೆ ತಿಳಿದದ್ದು. ಎಂಜಿನ್ನಿನ ಶಕ್ತಿ ಹೆಚ್ಚಿಸಲು ಹಣ ಸುರಿಯುವವರು ಅದಕ್ಕೂ ಮೊದಲು ಈ ಕೆಲಸ ಮಾಡಿಸಬೇಕೆಂದು ಮನಸಾರೆ ಕೇಳಿಕೊಳ್ಳುತ್ತೇನೆ. 15 ಅಂಗುಲದ ಚಕ್ರಕ್ಕೆ ಬೇಕಾದ 195/50 ಅಳತೆಯ ಒಳ್ಳೆಯ ಟೈರುಗಳು ದುಬಾರಿಯಲ್ಲ, ಅಲ್ಲಿ ಉಳಿತಾಯ ಬೇಡ.

ಇಂಧನ ಲೀಟರಿಗೆ 11–12 ಕಿಲೋಮೀಟರ್ ಕೊಡುತ್ತದೆ. ರಸ್ತೆ ತೆರಿಗೆಯಲ್ಲಿ ಒಂದು ಸೂಕ್ಷ್ಮವಿದೆ. 2001ರ ಮಾರ್ಚ್ 1ಕ್ಕಿಂತ ಮೊದಲು ನೋಂದಣಿಯಾದ ಕಾರುಗಳಿಗೆ ಎಂಜಿನ್ನಿನ ಗಾತ್ರ 1,549 ಸಿಸಿಗಿಂತ ಕಡಿಮೆಯೋ ಹೆಚ್ಚೋ ಎಂಬುದರ ಮೇಲೆ ತೆರಿಗೆ, ಆಮೇಲೆ ನೋಂದಣಿಯಾದ ಎರಡನೆಯ ತಲೆಮಾರಿನ ಕಾರುಗಳಿಗೆ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡಿನ ಮೇಲೆ. ಎಂಎಕ್ಸ್-5ರ 1.6 ಎಂಜಿನ್ 1,597 ಸಿಸಿ ಇರುವುದರಿಂದ, ತೆರಿಗೆ ಉಳಿಸಲೆಂದು ಹಳೆಯ 1.6 ಹುಡುಕುವುದರಿಂದ ಪ್ರಯೋಜನವಿಲ್ಲ. ಲಂಡನ್ನಿನಲ್ಲಿರುವವರು ನೋಂದಣಿ ಸಂಖ್ಯೆಯನ್ನು ಯುಲೆಜ್, ಅಂದರೆ ಹೆಚ್ಚು ಹೊಗೆಯುಗುಳುವ ವಾಹನಗಳಿಗೆ ಶುಲ್ಕ ವಿಧಿಸುವ ವಲಯದ, ಜಾಲತಾಣದಲ್ಲಿ ಪರೀಕ್ಷಿಸಿದ ಮೇಲೆಯೇ ಮುಂಗಡ ಕೊಡುವುದು ಒಳಿತು. 2023ರ ಆಗಸ್ಟ್‌ನಿಂದ ಆ ವಲಯ ನಗರದ ಎಲ್ಲ ಬರೋಗಳನ್ನೂ (ಆಡಳಿತ ವಿಭಾಗಗಳನ್ನೂ) ಒಳಗೊಂಡಿದ್ದು, ಮಾನದಂಡಕ್ಕೆ ಹೊಂದದ ಕಾರಿಗೆ ದಿನಕ್ಕೆ 12.50 ಪೌಂಡ್ ಶುಲ್ಕವಿದೆ. ಚಕ್ರ, ಸ್ಪ್ರಿಂಗ್, ಸೈಲೆನ್ಸರ್ ಯಾವುದನ್ನು ಬದಲಿಸಿದ್ದರೂ ವಿಮಾ ಕಂಪನಿಗೆ ತಿಳಿಸಬೇಕು, ಹಿಂದಿನ ಮಾಲೀಕರು ಮಾಡಿದ ಬದಲಾವಣೆಗಳೂ ಇದರಲ್ಲಿ ಸೇರುತ್ತವೆ.

ಅನನುಕೂಲಗಳನ್ನೂ ಹೇಳಬೇಕು. ಸ್ಟಿಯರಿಂಗ್ ಚಕ್ರವನ್ನು ಮೇಲೆ ಕೆಳಗೆ ಹೊಂದಿಸಲು ಬರುವುದಿಲ್ಲ. ಆರಡಿ ಎತ್ತರದವರಿಗೆ ಮಂಡಿ ತಾಗುತ್ತದೆ, ತಲೆ ಛಾವಣಿಗೆ ಮುಟ್ಟುತ್ತದೆ. ಬ್ಯಾಟರಿಯೂ ಡಿಕ್ಕಿಯಲ್ಲೇ ಇರುವುದರಿಂದ ಎರಡು ಮೆದು ಚೀಲಗಳಿಗಿಂತ ಹೆಚ್ಚು ಸಾಮಾನು ಹಿಡಿಸದು. ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿ ವೇಗಕ್ಕೆ ಎಂಜಿನ್ ನಿಮಿಷಕ್ಕೆ 3,500 ಸುತ್ತುಗಳ ಆಸುಪಾಸಿನಲ್ಲಿ ತಿರುಗುತ್ತಿದ್ದು, ಗಾಳಿಯ ಸದ್ದೂ ಸೇರಿ ಎರಡು ಗಂಟೆಗಳ ಬಳಿಕ ದಣಿವಾಗುತ್ತದೆ. ಮಕ್ಕಳಿರುವ ಮನೆಗೆ ಇದೊಂದೇ ಕಾರು ಸಾಲದು. ನಮ್ಮಲ್ಲಿಯೂ ದಿನನಿತ್ಯಕ್ಕೆ ಇನ್ನೊಂದಿದೆ.

ಚಳಿಗಾಲವೂ ಸೇರಿ ವರ್ಷವಿಡೀ ಓಡಿಸಬೇಕು, ಹೆದ್ದಾರಿಯಲ್ಲೂ ಹೋಗಬೇಕು ಎನ್ನುವವರು 2005ರಲ್ಲಿ ಬಂದ ಮೂರನೆಯ ತಲೆಮಾರನ್ನು ನೋಡಬಹುದು. ಅದರ ಎಂಜಿನ್ನಿನಲ್ಲಿ ಬೆಲ್ಟಿನ ಬದಲು ಚೈನ್ ಇದೆ, ಒಳಗೆ ಜಾಗವೂ ತುಸು ಹೆಚ್ಚು, ವಿದ್ಯುತ್ತಿನಿಂದ ಮಡಚಿಕೊಳ್ಳುವ ಗಟ್ಟಿ ಛಾವಣಿಯ ಮಾದರಿಯೂ ಸಿಗುತ್ತದೆ. ಬೆಲೆ ಸ್ವಲ್ಪ ಮೇಲೆ, ತೂಕವೂ ಹಾಗೆಯೇ. ಎರಡನ್ನೂ ಓಡಿಸಿದ ಮೇಲೂ ನನ್ನ ಒಲವು ಎರಡನೆಯ ತಲೆಮಾರಿನ ಕಡೆಗೇ ಉಳಿದಿದೆ. ತೊಲೆಗಳು ಗಟ್ಟಿಯಿರುವವರೆಗೆ ಇದನ್ನು ಮಾರುವ ಯೋಚನೆ ನನಗಿಲ್ಲ.